ಮಿದುಳು ಸುಟ್ಟೇ ಹೋಯಿತು ಎಂದು ಹೆದರಿಸಬೇಡಿ

ಮಾನ್ಯ ಸಂಪಾದಕರೇ,

ಜೂನ್ 26ರ ಮಾದಕವಸ್ತು ವಿರೋಧಿ ದಿನಕ್ಕೆ ನಮ್ಮೂರಿನ ಪಿಯು ಕಾಲೇಜೊಂದರಲ್ಲಿ ಮಾತಾಡಲು ಕರೆದಿದ್ದರು. ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಇಂಥ ದಿನಗಳಲ್ಲಿ ಮಾತ್ರ ಎಲ್ಲರಿಗೂ ನೆನಪಾಗುತ್ತೇನೆ. ವೇದಿಕೆಯ ಹಿಂದೆ ದೊಡ್ಡ ಬ್ಯಾನರ್. ಹೊಗೆಯಾಡುತ್ತಿರುವ ತಲೆಬುರುಡೆ, ಕೆಳಗೆ ಕೆಂಪಕ್ಷರದಲ್ಲಿ ‘ಸುಟ್ಟ ಮಿದುಳು ಮತ್ತೆ ಬಾರದು’. ಕಾರ್ಯಕ್ರಮ ಮುಗಿದು ಎಲ್ಲರೂ ಟೀ, ಬಿಸ್ಕತ್ತಿನ ಕಡೆ ಹೋದ ಮೇಲೆ ಒಬ್ಬ ಹುಡುಗ ಹತ್ತಿರ ಬಂದ.

‘ಸರ್, ಒಂದು ವರ್ಷ ಐಸ್ ತಗೊಂಡಿದ್ರೆ ಎಲ್ಲಾ ಸುಟ್ಟೋಗಿರುತ್ತಾ?’

ಯಾರಿಗಪ್ಪಾ ಎಂದೆ. ‘ಗೊತ್ತಿರೋರು’ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸುಟ್ಟೋಗಿದ್ರೆ ಇನ್ನು ಬಿಟ್ಟು ಏನುಪಯೋಗ, ಅಲ್ವಾ ಸರ್?’ ಎಂದ.

ನಿಮ್ಮ ಪತ್ರಿಕೆಯ ಅಂದಿನ ವಿಶೇಷ ಪುಟದಲ್ಲೂ ಹೆಚ್ಚುಕಡಿಮೆ ಬ್ಯಾನರಿನ ಮಾತೇ ಇತ್ತು. ಅದಕ್ಕೇ ಈ ಪತ್ರ.

ಐಸ್ ಅಂದರೆ ಮೆಥಾಂಫೆಟಮಿನ್, ಚುಟುಕಾಗಿ ಮೆಥ್. 1893ರಲ್ಲಿ ಜಪಾನಿನ ನಾಗಾಯಿ ನಾಗಯೋಶಿ ತಯಾರಿಸಿದ್ದು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ನಿದ್ದೆ ಬಾರದಿರಲಿ ಎಂದು ಮಾತ್ರೆ ಮಾಡಿ ಹಂಚಿದ್ದೂ ಇದನ್ನೇ. ಅದು ಮಿದುಳಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಆ ಹುಡುಗನಿಗೆ ಬಾಳೆಕಾಯಿ ಇಟ್ಟುಕೊಂಡು ಹೇಳಿದೆ. ಬಾಳೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದೆ. ಅದಕ್ಕೇ ಮನೆಯಲ್ಲಿ ಮಜ್ಜಿಗೆ ನೀರಿಗೆ ಹಾಕಿಡುತ್ತಾರೆ. ಕಪ್ಪಾಗಲು ಮುಖ್ಯ ಕಾರಣ ಬಾಳೆಯಲ್ಲಿರುವ ಡೋಪಮಿನ್. ನಮ್ಮ ಮಿದುಳಿನಲ್ಲಿ ಖುಷಿ, ಹುಮ್ಮಸ್ಸಿನ ಸುದ್ದಿ ಒಯ್ಯುವ ರಾಸಾಯನಿಕವೂ ಇದೇ. ಅದು ಗಾಳಿ ತಾಗಿದರೆ ಕೆಡುತ್ತದೆ, ಹುಳಿಯಲ್ಲಿದ್ದರೆ ಅಷ್ಟು ಬೇಗ ಕೆಡುವುದಿಲ್ಲ. (ಬಾಳೆಹಣ್ಣು ತಿಂದರೆ ಆ ಡೋಪಮಿನ್ ಮಿದುಳಿಗೆ ಹೋಗುವುದಿಲ್ಲ. ಸುಮ್ನೆ ಡಜನ್‌ಗಟ್ಟಲೆ ತಿನ್ನಬೇಡಿ.)

ನಮ್ಮ ಮಿದುಳಿನ ಕೋಶವೂ ಡೋಪಮಿನ್ನನ್ನು ಹೀಗೇ ಕಾಪಾಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು, ಅದರೊಳಗೆ ಹುಳಿ, ಆ ಹುಳಿಯಲ್ಲಿ ಡೋಪಮಿನ್. ಇದು ಕೋಶದ ಮೊದಲ ಕಾವಲು. ಮೆಥ್ ಬರುವುದು ಡೋಪಮಿನ್ ಓಡಾಡುವ ಬಾಗಿಲಿನಿಂದಲೇ. ಒಳಗೆ ಬಂದು ಚೀಲದ ಹುಳಿ ಕೆಡಿಸುತ್ತದೆ. ಬಾಳೆಕಾಯಿಯನ್ನು ಮಜ್ಜಿಗೆಯಿಂದ ಎತ್ತಿ ಹೊರಗಿಟ್ಟ ಹಾಗಾಯಿತು. ಕೋಶದಾಚೆ ಚೆಲ್ಲಿದ ಡೋಪಮಿನ್ ಅಮಲು ಏರಿಸುತ್ತದೆ. ಒಳಗೇ ಸೋರಿದ್ದು ಕೆಟ್ಟು, ಕೋಶವನ್ನು ಕೊರೆಯುವ ವಸ್ತುಗಳನ್ನು ಹುಟ್ಟಿಸುತ್ತದೆ.

ಆಗ ಕೋಶ ಸುಮ್ಮನೆ ಕೂರುವುದಿಲ್ಲ. ಮೊದಲು ಎಸ್‌ಒಡಿ ಎಂಬ ಕಿಣ್ವ ಕೆಲಸಕ್ಕಿಳಿಯುತ್ತದೆ. ಅತಿ ಉಗ್ರವಾದ ಆಮ್ಲಜನಕದ ರೂಪವೊಂದನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ಬುಸಬುಸ ನೊರೆ ಬರುತ್ತದಲ್ಲ, ಅದು ನಮ್ಮ ದೇಹದ ಕ್ಯಾಟಲೇಸ್ ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿರುವ ಗುರುತು. ಮಿದುಳಿನಲ್ಲಿ ಕ್ಯಾಟಲೇಸ್ ಕಡಿಮೆ. ಅಲ್ಲಿ ಈ ಕೆಲಸ ಹೆಚ್ಚಾಗಿ ಗ್ಲುಟಾಥಯೋನ್ ಎಂಬ ಕಾವಲು ವಸ್ತುವಿನ ಪಾಲಿಗೆ. ಅದನ್ನು ತಯಾರಿಸಲು ಬೇಕಾದ ಸಾಮಾನನ್ನು ಪಕ್ಕದ ಆಸ್ಟ್ರೋಸೈಟ್ ಕೋಶಗಳು ಒದಗಿಸುತ್ತವೆ. ಅಕ್ಕಪಕ್ಕದವರು ಕಡ ಕೊಟ್ಟ ಹಾಗೆ ಅನ್ನಿ.

ಇದು ಬರೀ ಊಹೆಯಲ್ಲ. ಮನುಷ್ಯರ ಎಸ್‌ಒಡಿ ಜೀನ್ ಸೇರಿಸಿ ಬೆಳೆಸಿದ ಇಲಿಗಳಿಗೆ ಮೆಥ್ ಕೊಟ್ಟಾಗ ಹಾನಿ ಕಡಿಮೆಯಾಯಿತೆಂದು 1994ರಲ್ಲೇ ಅಮೆರಿಕದ ಜಾನ್ ಲುಡ್ ಕೆಡೆ ಮತ್ತು ಜೊತೆಗಾರರು ತೋರಿಸಿದ್ದಾರೆ. ಡೋಪಮಿನ್ನನ್ನು ಚೀಲಕ್ಕೆ ತುಂಬುವ ಪ್ರೋಟೀನು ಅರ್ಧವೇ ಇದ್ದ ಇಲಿಗಳಿಗೆ ಹಾನಿ ಜಾಸ್ತಿಯಾಗಿತ್ತು.

ಇಷ್ಟಾದರೂ ಕೆಟ್ಟುಹೋದ ಭಾಗಗಳು ಉಳಿದರೆ, ಕೋಶ ಅವನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ. ಆಟೋಫಜಿ ಎಂಬ ಈ ಮನೆಗುಡಿಸುವ ಕೆಲಸದ ಗುಟ್ಟು ಬಿಡಿಸಿದ್ದಕ್ಕೇ ಜಪಾನಿನ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಂತು. ಆದರೆ ಪೊರಕೆಯೂ ಅತಿಯಾಗಬಾರದು. ಅದೇ ವರ್ಷ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು, ಕೊಕೇನ್ ಜಾಸ್ತಿಯಾದರೆ ಇಲಿಯ ನರಕೋಶ ಬೇಕಾದದ್ದನ್ನೂ ಗುಡಿಸಿ ಹಾಕಿ ಸಾಯುತ್ತದೆ ಎಂದು ತೋರಿಸಿದರು. ಕಾವಲೇ ಕುತ್ತಾಗುವುದು ಹೀಗೆ. ಇನ್ನೊಂದು ಶತ್ರು ಸೆಕೆ. ಮೆಥ್ ಮೈ ಬಿಸಿ ಏರಿಸುತ್ತದೆ. ತಣ್ಣಗಿನ ಜಾಗದಲ್ಲಿಟ್ಟ ಇಲಿಗಳಿಗೆ ಹಾನಿ ಬಹಳ ಕಡಿಮೆ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಕುಣಿಯುವವರಿಗೆ ಆಗುವುದು ಇದರ ತಿರುವುಮುರುವು. ನಮ್ಮಲ್ಲಿ ಆಗಾಗ ಸಿಕ್ಕಿಬೀಳುವ ಎಂಡಿಎಂಎ (ಎಕ್ಸ್‌ಟಸಿ) ಎಂಬ ಮಾದಕವಸ್ತುವಿಗೂ ಈ ಮಾತು ಸಲ್ಲುತ್ತದೆ.

ಹುಡುಗನಿಗೆ ಬೇಕಿದ್ದ ಉತ್ತರ ಬೇರೆ ಅಧ್ಯಯನದಲ್ಲಿದೆ. ಮೆಥ್ ಹೊಡೆತ ಜಾಸ್ತಿ ಬೀಳುವುದು ಡೋಪಮಿನ್ ಕೋಶದ ತುದಿಗಳಿಗೆ. ಬುಡ ಬಹುಮಟ್ಟಿಗೆ ಉಳಿಯುತ್ತದೆ. 2001ರಲ್ಲಿ ಅಮೆರಿಕದ ನೋರಾ ವೋಲ್ಕೋವ್ ತಂಡ, ಮೆಥ್ ಬಿಟ್ಟ 5 ಜನರ ಮಿದುಳನ್ನು ಮೊದಲ 6 ತಿಂಗಳೊಳಗೆ ಒಮ್ಮೆ, 12ರಿಂದ 17 ತಿಂಗಳು ದೂರವಿದ್ದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿತು. ಹಿಂದೆ ಹೇಳಿದ ‘ಬಾಗಿಲು’ಗಳ ಲೆಕ್ಕ ಮಿದುಳಿನ ಒಂದು ಭಾಗದಲ್ಲಿ ಶೇ 19, ಇನ್ನೊಂದರಲ್ಲಿ ಶೇ 16 ಹೆಚ್ಚಾಗಿತ್ತು. ಐದೇ ಜನ, ನಿಜ. ನೆನಪಿನ ಪರೀಕ್ಷೆ, ಕೈಚಳಕದ ಪರೀಕ್ಷೆಗಳಲ್ಲಿ ಅಷ್ಟು ಚೇತರಿಕೆ ಕಾಣಲಿಲ್ಲ, ಅದೂ ನಿಜ. ಇದನ್ನೂ ಮುಚ್ಚಿಡದೆ ಹೇಳಿದೆ. ತಿಂಗಳುಗಟ್ಟಲೆ ಮುಟ್ಟದೆ ಇದ್ದರೆ ಮಾತ್ರ ಈ ರಿಪೇರಿ ಎಂದೂ ಹೇಳಿದೆ. ‘ಬ್ರೈನ್ ಟಾನಿಕ್ ಕುಡಿದ್ರೆ ಸರ್?’ ಎಂದ. ಮಾರುವವನಿಗೆ ಲಾಭ ಎಂದೆ.

ಹೆದರಿಸಿದರೆ ಹುಡುಗರು ಹತ್ತಿರ ಬರುವುದಿಲ್ಲ ಎಂದು ಲೆಕ್ಚರಿಸುವ ಆಸೆ ನನಗಿಲ್ಲ. ಭಯವೂ ಬೇಕು. ಹೃದಯ ನಿಂತದ್ದೂ, ಮಿದುಳಿನ ರಕ್ತನಾಳ ಒಡೆದದ್ದೂ ಇದೆ. ಆದರೆ ಆಗಲೇ ಸಿಕ್ಕಿಹಾಕಿಕೊಂಡವನಿಗೆ ‘ಎಲ್ಲಾ ಮುಗೀತು’ ಎನ್ನುವುದು ಸುಳ್ಳು. ಮನೆಯವರು ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಕರೆತರುವುದಿಲ್ಲ. 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಬಗ್ಗೆ ಅವರಿಗೆ ಯಾರೂ ಹೇಳಿರುವುದಿಲ್ಲ. ಬಳಕೆ ಅಥವಾ ಸಣ್ಣ ಪ್ರಮಾಣದ ಮಾಲಿನ ಪ್ರಕರಣದಲ್ಲಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಆ ಪ್ರಕರಣದಿಂದ ವಿನಾಯಿತಿ ಇದೆ. ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ.

ನನ್ನದು ಒಂದೇ ಕೋರಿಕೆ. ಡ್ರಗ್ಸ್ ಹಿಡಿದ ಸುದ್ದಿ ಹಾಕುವಾಗ ಮಾಲಿನ ಬೆಲೆ ಎಷ್ಟು ಕೋಟಿ ಎಂದು ದಪ್ಪಕ್ಷರದಲ್ಲಿ ಹಾಕುತ್ತೀರಿ. ಅದರ ಕೆಳಗೆ ಒಂದು ಸಾಲು ಜಾಗ ಮಾಡಿಕೊಂಡು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಹಾಕಿ. ಆ ದಿನ ಬ್ಯಾನರಿನಲ್ಲೂ ಅದು ಇರಲಿಲ್ಲ. ಹುಡುಗ ನನ್ನ ಹತ್ತಿರ ಪೆನ್ ಇಸ್ಕೊಂಡು, ಬಿಸ್ಕತ್ತಿನ ಖಾಲಿ ಪೊಟ್ಟಣದ ಮೇಲೆ ಬರೆದುಕೊಂಡು ಹೋದ.

— ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ತುಮಕೂರು