ವಾರಿಯರ್ಸ್ ತಂಡಕ್ಕೂ ಪಕ್ಕದ ಮನೆಯ ಆಂಟಿಗೂ ನನ್ನ ಕೃತಜ್ಞತೆ

ಆತ್ಮೀಯರೇ,

ನನ್ನ ಪತಿ ಮತ್ತು ಮಗಳು ಸಿಡ್ನಿಯ ಹೋಟೆಲಿನಲ್ಲಿ 14 ದಿನಗಳ ಕ್ವಾರಂಟೈನ್ ಮುಗಿಸಿಕೊಂಡು ಕಳೆದ ವಾರ ಸಿಡ್ನಿಯ ಉತ್ತರಕ್ಕಿರುವ ಗಾಸ್ಫರ್ಡ್‌ನ ಮನೆ ಸೇರಿದರು. 2020ರ ಈ ಫೆಬ್ರವರಿಯಲ್ಲಿ ಧಾರವಾಡಕ್ಕೆ ಹೋದವರು, ಕೋವಿಡ್‌ನಿಂದ ಗಡಿಗಳು ಮುಚ್ಚಿದ್ದರಿಂದ, ನವೆಂಬರಿನಲ್ಲಿ ಮರಳಿದ್ದಾರೆ. ನಡುವೆ ಏನೇನಾಯಿತು ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯಹೋಗುವುದಿಲ್ಲ. ಯಾರ ಬಲದಿಂದ ಈ ತಿಂಗಳುಗಳನ್ನು ದಾಟಿದೆನೋ ಅವರನ್ನು ಎಲ್ಲರೆದುರು ನೆನೆಯಬೇಕೆಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕೇಳಿದಾಗಲೆಲ್ಲ ಪಾಳಿ ಬದಲಾಯಿಸಿಕೊಟ್ಟ ಸಹೋದ್ಯೋಗಿಗಳು, ಸಿಡ್ನಿಯಿಂದ ಕಾರಿನಲ್ಲಿ ಬಂದು ರೊಟ್ಟಿ, ಶೇಂಗಾ ಚಟ್ನಿ ಬಾಗಿಲ ಮುಂದಿಟ್ಟು ದೂರ ನಿಂತೇ ಮಾತನಾಡಿಸಿ ಹೋದ ಕನ್ನಡದ ಗೆಳೆಯರು, ವಿಮಾನದ ಸುದ್ದಿ ಸಿಕ್ಕ ಕೂಡಲೇ ಹೊತ್ತುಗೊತ್ತು ನೋಡದೆ ತಿಳಿಸಿದವರು, ಧಾರವಾಡದಲ್ಲಿ ಎಲ್ಲವನ್ನೂ ಹೆಗಲ ಮೇಲೆ ಹೊತ್ತ ನನ್ನ ಅಣ್ಣ ಮತ್ತು ಅತ್ತಿಗೆ, ನಿಮಗೆಲ್ಲ ನಾನು ಋಣಿ. ನಿಮ್ಮನ್ನೆಲ್ಲ ಒಂದೇ ವಾಕ್ಯದಲ್ಲಿ ನೆನೆದದ್ದಕ್ಕೆ ಬೇಸರಿಸಬೇಡಿ. ಇಬ್ಬರ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಅವರಲ್ಲಿ ಒಬ್ಬರು ಪಕ್ಕದ ಮನೆಯ ಆಂಟಿ. ಇನ್ನೊಬ್ಬರು ಎಂದರೆ ಒಂದು ತಂಡ, ಆಕ್ಲೆಂಡಿನ ನ್ಯೂಜಿಲೆಂಡ್ ವಾರಿಯರ್ಸ್.

ರಗ್ಬಿ ಲೀಗ್‌ನ ಪರಿಚಯ ಇಲ್ಲದವರಿಗಾಗಿ ಮೊದಲು ಕೆಲವು ಮಾತು. ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್‌ನಲ್ಲಿ 2020ರಲ್ಲಿ 16 ತಂಡಗಳಿದ್ದವು. ಅವುಗಳಲ್ಲಿ 15 ಈ ದೇಶದವು, ಸಮುದ್ರದಾಚೆಯದು ವಾರಿಯರ್ಸ್ ಒಂದೇ. 2020ರ ಮಾರ್ಚಿನಲ್ಲಿ ಎರಡು ಸುತ್ತುಗಳಾಗುವಷ್ಟರಲ್ಲಿ ಲೀಗ್ ನಿಂತಿತು. ಆ ಎರಡೂ ಆಟಗಳಲ್ಲಿ ಸೋತು ವಾರಿಯರ್ಸ್ ಊರಿಗೆ ಮರಳಿದರು. ಮೇ 28ಕ್ಕೆ ಮತ್ತೆ ಆರಂಭಿಸುತ್ತೇವೆಂದು ಲೀಗ್‌ನವರು ಹೇಳಿದಾಗ ನಂಬಿದವರು ಕಡಿಮೆ. ಗಡಿ ಮುಚ್ಚಿದ್ದರಿಂದ ವಾರಿಯರ್ಸ್ ಆಡಬೇಕಾದರೆ ಮನೆ ಬಿಟ್ಟು ಇಲ್ಲಿಗೇ ಬಂದಿರಬೇಕಿತ್ತು, ಮರಳುವುದು ಯಾವಾಗ ಎಂದು ಯಾರೂ ಹೇಳುವಂತಿರಲಿಲ್ಲ. ಆದರೂ ಅವರು ಮೇ 3ರಂದು ಹೊರಟು ಬಂದರು. ಟ್ಯಾಮ್‌ವರ್ತ್ ಎಂಬ ಒಳನಾಡಿನ ಪಟ್ಟಣದಲ್ಲಿ ಎರಡು ವಾರ ಪ್ರತ್ಯೇಕವಾಗಿದ್ದು, ಅನಂತರ ನಮ್ಮ ಗಾಸ್ಫರ್ಡ್ ಇರುವ ಸೆಂಟ್ರಲ್ ಕೋಸ್ಟ್ ಕರಾವಳಿಗೆ ಬಂದು ಟೆರಿಗಲ್‌ನಲ್ಲಿ ಬೀಡುಬಿಟ್ಟರು. ಗಾಸ್ಫರ್ಡ್‌ನ ಕ್ರೀಡಾಂಗಣವೇ ಅವರ ತವರು ಮೈದಾನವಾಯಿತು. ಆ ಕ್ರೀಡಾಂಗಣದ ಒಂದು ಬದಿಯಲ್ಲಿ ಗ್ಯಾಲರಿ ಇಲ್ಲ, ತಾಳೆಯ ಜಾತಿಯ ಮರಗಳ ಸಾಲಿನಾಚೆ ಹಿನ್ನೀರು ಕಾಣುತ್ತದೆ. ಕೆಲಸಕ್ಕೆ ಹೋಗಿ ಬರುವಾಗ ನಾನು ದಿನವೂ ನೋಡುವ ನೋಟ ಅದು.

ಮೇ 30ರಂದು ಖಾಲಿ ಮೈದಾನದಲ್ಲಿ, ಅಭಿಮಾನಿಗಳ ರಟ್ಟಿನ ಚಿತ್ರಗಳನ್ನು ಕುರ್ಚಿಗಳಲ್ಲಿ ಕೂರಿಸಿದ್ದ ಆ ದಿನಗಳಲ್ಲಿ, ವಾರಿಯರ್ಸ್ ಸೇಂಟ್ ಜಾರ್ಜ್ ಇಲ್ಲವಾರಾ ತಂಡವನ್ನು 18–0 ಅಂತರದಲ್ಲಿ ಮಣಿಸಿದರು. ಅಂದು ಪಕ್ಕದ ಮನೆಯಿಂದ ಕೇಳಿಬಂದ ಕೂಗಿಗೆ ಗಾಬರಿಯಾಗಿ ಓಡಿಹೋಗಿ ನೋಡಿದೆ. ಆಂಟಿ ಟಿವಿಯ ಮುಂದೆ ನಿಂತು ಅಳುತ್ತಾ ನಗುತ್ತಿದ್ದರು. ಅವರು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನದ ಹೆಂಗಸು, ದಕ್ಷಿಣ ಆಕ್ಲೆಂಡಿನವರು, ಗಂಡನೊಂದಿಗೆ ಇಲ್ಲಿ ಬಂದು ನೆಲಸಿ ಬಹಳ ವರ್ಷಗಳಾಗಿವೆ. 1995ರಲ್ಲಿ ಆಕ್ಲೆಂಡ್ ವಾರಿಯರ್ಸ್ ಎಂಬ ಹೆಸರಿನಲ್ಲಿ ತಂಡ ಲೀಗ್‌ಗೆ ಕಾಲಿಟ್ಟಾಗಿನಿಂದ ಅದನ್ನು ಬಿಟ್ಟುಕೊಟ್ಟವರಲ್ಲ. 2002ರಲ್ಲಿ, 2011ರಲ್ಲಿ ಫೈನಲ್ ತಲುಪಿ ಸೋತ, ಇದುವರೆಗೆ ಒಮ್ಮೆಯೂ ಪ್ರಶಸ್ತಿ ಗೆಲ್ಲದ ತಂಡ ಅದು. ತಮ್ಮ ಊರಿನ ಹುಡುಗರು ತಮ್ಮ ಬೀದಿಯ ಹತ್ತಿರವೇ ಬಂದು ಇದ್ದಾರೆಂಬ ಸಂಗತಿಯನ್ನು ಅವರಿಗೆ ನಂಬಲಾಗುತ್ತಿರಲಿಲ್ಲ.

ಅಂದಿನಿಂದ ಆಟದ ದಿನ ಆಂಟಿಯ ಮನೆಯ ಸೋಫಾದ ಒಂದು ತುದಿ ನನ್ನದಾಯಿತು. ಆಟವನ್ನು ಅವರೇ ಕಲಿಸಿದರು. ಒಂದು ಕಡೆಗೆ 13 ಮಂದಿ. ಚೆಂಡು ಕೈಯಲ್ಲಿರುವ ತಂಡವನ್ನು ಎದುರಾಳಿಗಳು ಕಬಡ್ಡಿಯಲ್ಲಿ ಹಿಡಿಯುವ ಹಾಗೆ ಹಿಡಿದು ಕೆಡವುತ್ತಾರೆ. ಆರನೆಯ ಬಾರಿ ಹಿಡಿತಕ್ಕೆ ಸಿಕ್ಕರೆ ಚೆಂಡು ಎದುರಾಳಿಯ ಪಾಲು. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ನಾಲ್ಕು ಅಂಕ, ಅದರ ಬೆನ್ನಿಗೆ ಗೋಲುಕಂಬಗಳ ನಡುವೆ ಒದ್ದರೆ ಇನ್ನೆರಡು. ನನ್ನ ಕಣ್ಣು ನಿಲ್ಲುತ್ತಿದ್ದುದು ಮಾತ್ರ ಬೇರೆಡೆ. ಮೂರು ನಾಲ್ಕು ಮಂದಿಯ ಭಾರದಡಿ ಸಿಕ್ಕಿಬಿದ್ದ ಆಟಗಾರ ಎದ್ದುನಿಂತು, ಚೆಂಡನ್ನು ಹುಲ್ಲಿನ ಮೇಲಿಟ್ಟು, ಪಾದದಿಂದ ಹಿಂದಕ್ಕೆ ಉರುಳಿಸಬೇಕು. ಹಿಂದೆ ನಿಂತವನು ಅದನ್ನೆತ್ತಿಕೊಂಡು ಮುಂದಿನವನಿಗೆ ಕೊಡುತ್ತಾನೆ, ಅವನೂ ಹೋಗಿ ಆ ಗೋಡೆಗೇ ಹಾಯುತ್ತಾನೆ. ಒಂದೇ ಆಟದಲ್ಲಿ ಇದು ನೂರಾರು ಬಾರಿ ನಡೆಯುತ್ತದೆ. ತೋಹು ಹ್ಯಾರಿಸ್ ಎಂಬ ಆಟಗಾರ ಇದನ್ನು ಎಂಬತ್ತು ನಿಮಿಷವೂ ಒಂದಿಷ್ಟೂ ಸಡಿಲಗೊಳ್ಳದೆ ಮಾಡುವುದನ್ನು ನೋಡುತ್ತಾ ಕುಳಿತರೆ ನನ್ನ ಎದೆಬಡಿತ ಹದಕ್ಕೆ ಬರುತ್ತಿತ್ತು.

ಈ ಆಟದ ವರದಿ ಧಾರವಾಡಕ್ಕೂ ಹೋಗುತ್ತಿತ್ತು. ವಿಡಿಯೋ ಕರೆಯಲ್ಲಿ ಅವ್ವ ಮೊದಲು ನನ್ನ ಊಟ ವಿಚಾರಿಸಿ, ಆಮೇಲೆ, "ನಿನ್ನ ಹುಡುಗರು ಗೆದ್ರೇನವಾ?" ಎಂದು ಕೇಳುತ್ತಿದ್ದಳು. ಜೂನ್ ತಿಂಗಳಿನ ಉತ್ತರಾರ್ಧದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. 19ರಂದು ಸೌತ್ ಸಿಡ್ನಿಯ ಎದುರು 40–12ರಲ್ಲಿ ಸೋತರು, ಮರುದಿನವೇ ಕೋಚ್ ಸ್ಟೀಫನ್ ಕಿಯರ್ನಿ ಅವರನ್ನು ಕ್ಲಬ್ ಕೆಲಸದಿಂದ ತೆಗೆಯಿತು. ಮನೆಯಿಂದ ಅಷ್ಟು ದೂರ ತಂಡವನ್ನು ಕರೆತಂದವರನ್ನು ಅಂಥ ಸಮಯದಲ್ಲಿ ಹಾಗೆ ಕಳುಹಿಸಬಾರದಿತ್ತೆಂಬುದು ನನ್ನ ಅಭಿಪ್ರಾಯ, ಆಂಟಿಯದೂ ಅದೇ. ಟಾಡ್ ಪೇಟನ್ ಹಂಗಾಮಿ ಕೋಚ್ ಆದರು. ಮೊದಲ ಆಟದಲ್ಲೇ ಮೆಲ್ಬರ್ನ್ ಸ್ಟಾರ್ಮ್ ವಿರುದ್ಧ 50–6ರ ಸೋಲು. ಇನ್ನು ಈ ತಂಡ ಚೂರುಚೂರಾಗುತ್ತದೆಂದು ಎಲ್ಲರೂ ಅಂದುಕೊಂಡರು. ಆದರೆ ಜುಲೈ 4ರಂದು ಅದೇ ಹುಡುಗರು ಗಾಸ್ಫರ್ಡ್‌ನಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ತಂಡವನ್ನು 26–16ರಿಂದ ಸೋಲಿಸಿದರು. ಆ ಸುದ್ದಿ ಕೇಳಿ ಅವ್ವ ಗೆಲುವಾಗಿದ್ದಳು. ಅದು ಅವಳು ಚೆನ್ನಾಗಿದ್ದ ಕೊನೆಯ ವಾರಗಳಲ್ಲಿ ಒಂದು.

ಅದೇ ತಿಂಗಳು ಕೆಲವು ಆಟಗಾರರು ಮನೆಗೆ ಮರಳಲು ನಿರ್ಧರಿಸಿದರು. ಕೆನ್ ಮೌಮಾಲೊ, ಡೇವಿಡ್ ಫುಸಿಟುಆ ಅವರಲ್ಲಿದ್ದರು. ತಂಡದ ಕೈಬಿಟ್ಟರೆಂದು ಅವರನ್ನು ಕುರಿತು ಹಗುರವಾಗಿ ಮಾತನಾಡಿದವರನ್ನು ನಾನು ಕಿವಿಯಾರೆ ಕೇಳಿದ್ದೇನೆ, ಆ ಮಾತುಗಳನ್ನು ನನ್ನಿಂದ ಸಹಿಸಲಾಗಲಿಲ್ಲ. ಅವ್ವನಿಗೆ ಈ ಸುದ್ದಿ ಹೇಳಿದಾಗ, "ಹೋಗಲಿ ಬಿಡವಾ, ಅವರ ಮನ್ಯಾಗೂ ಸಣ್ಣ ಕೂಸು ಇರ್ತಾವು, ದಾರಿ ನೋಡ್ತಿರ್ತಾವು" ಎಂದಳು. ಆ ತಿಂಗಳುಗಳಲ್ಲಿ ಉಳಿಯುವುದು ಮತ್ತು ಹೋಗುವುದು ಎರಡೂ ಕಷ್ಟದ ಕೆಲಸಗಳೇ ಆಗಿದ್ದವು. ಹೋಗಬೇಕೆಂದರೂ ಹೋಗಲಾಗದೆ ಕುಳಿತವಳಾಗಿ ಇದನ್ನು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಜುಲೈ ಕೊನೆಯಲ್ಲಿ ಅವ್ವ ತೀರಿಕೊಂಡಳು.

ಅಣ್ಣನ ಕರೆ ಬಂದಾಗ ಇಲ್ಲಿ ರಾತ್ರಿಯಾಗಿತ್ತು, ವಾರಿಯರ್ಸ್ ಆಟ ನಡೆಯುತ್ತಿತ್ತು. ನಾನು ಅಂದು ಪಾಳಿ ಮುಗಿಸಿ ತಡವಾಗಿ ಬಂದವಳು ಆಂಟಿಯ ಮನೆಗೆ ಹೋಗಿರಲಿಲ್ಲ. ನನ್ನ ಧ್ವನಿ ಗೋಡೆಯಾಚೆಗೆ ಕೇಳಿಸಿತೆಂದು ಆಮೇಲೆ ಹೇಳಿದರು. ಟಿವಿಯನ್ನು ಹಾಗೆಯೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ, ಆ ಚಳಿಯಲ್ಲಿ ಬರಿಗಾಲಿನಲ್ಲಿ ಬಂದರು. ಏನಾಯಿತೆಂದು ಕೇಳಲಿಲ್ಲ. ನನ್ನ ಹಣೆಗೆ ತಮ್ಮ ಹಣೆ, ಮೂಗಿಗೆ ಮೂಗು ಒತ್ತಿ ಬಹಳ ಹೊತ್ತು ನಿಂತರು, ಅವರ ಜನ ಒಬ್ಬರನ್ನೊಬ್ಬರು ಬರಮಾಡಿಕೊಳ್ಳುವ ರೀತಿ ಅದು. ನಾಲ್ಕು ತಿಂಗಳಿನಿಂದ ಎಲ್ಲರಿಂದ ದೂರ ನಿಂತು ಬದುಕಿದ ನನ್ನನ್ನು ಅಷ್ಟು ಹತ್ತಿರ ಬಂದು ಮುಟ್ಟಿದ ಮೊದಲ ಮನುಷ್ಯರು ಅವರು.

ಮಾವೊರಿಗಳಲ್ಲಿ ತೀರಿಕೊಂಡವರ ದೇಹವನ್ನು ಮಣ್ಣು ಮಾಡುವವರೆಗೆ ಒಂಟಿಯಾಗಿ ಬಿಡುವುದಿಲ್ಲ. ಹಗಲೂ ರಾತ್ರಿ ಬಳಿಯಲ್ಲಿ ಕುಳಿತು ಅಳುತ್ತಾರೆ, ಹಾಡುತ್ತಾರೆ, ಸತ್ತವರ ಕಥೆಗಳನ್ನು ಹೇಳುತ್ತಾರೆ. ನಮ್ಮ ಕಡೆಯಲ್ಲೂ ರಾತ್ರಿಯಿಡೀ ಭಜನೆ ಮಾಡುತ್ತಾ ಕೂರುತ್ತಾರೆ. ಈ ವರ್ಷ ಅಂತ್ಯಕ್ರಿಯೆಗೆ 20 ಮಂದಿಯ ಮಿತಿ ಇದ್ದುದರಿಂದ ಊರಿಗೆ ಊರೇ ಬರಬೇಕಿದ್ದ ಮನೆಗೆ ಓಣಿಯವರೂ ಪೂರ್ತಿ ಬರುವಂತಿರಲಿಲ್ಲ. ನನ್ನ ಫೋನನ್ನು ಡಬ್ಬಿಯೊಂದಕ್ಕೆ ಆನಿಸಿ ಊಟದ ಮೇಜಿನ ಮೇಲಿಟ್ಟು ಆಂಟಿ ಪಕ್ಕದಲ್ಲಿ ಕುಳಿತರು. ಆ ಪುಟ್ಟ ಪರದೆಯಲ್ಲಿ ಅವ್ವನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಮಾಲೆ ಕಾಣುತ್ತಿತ್ತು. ನೆಟ್‌ವರ್ಕ್ ಕಡಿದು ಚಿತ್ರ ನಿಂತಾಗಲೆಲ್ಲ ಆಂಟಿ ನನ್ನ ಕೈ ಬಿಗಿಯಾಗಿ ಹಿಡಿಯುತ್ತಿದ್ದರು.

ಸಮಾಧಾನದ ಒಂದು ಮಾತನ್ನೂ ಅವರು ಆಡಲಿಲ್ಲ, ಪ್ರಶ್ನೆಗಳನ್ನು ಕೇಳಿದರು. ನಿನ್ನ ಅಮ್ಮನ ಹೆಸರೇನು, ಯಾವ ಊರಿನ ಮಗಳು, ಕೈರುಚಿ ಹೇಗಿತ್ತು, ಸಿಟ್ಟು ಬಂದರೆ ಏನು ಮಾಡುತ್ತಿದ್ದಳು, ಏನು ಹಾಡುತ್ತಿದ್ದಳು? ನಾನು ಹೇಳಿದೆ. ಶೇಂಗಾ ಕುಟ್ಟುವಾಗ ಒರಳಿನ ಸುತ್ತ ನಮ್ಮನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದುದು, ನನ್ನ ಕಾಲೇಜಿನ ಶುಲ್ಕಕ್ಕಾಗಿ ಎಮ್ಮೆ ಮಾರಿದ್ದು, ಮಾರಿದ ಮೇಲೆ ಕೊಟ್ಟಿಗೆಯಲ್ಲಿ ಒಬ್ಬಳೇ ನಿಂತು ಅತ್ತದ್ದು. ಈ ಕೊನೆಯದನ್ನು ನಾನು ಯಾರಿಗೂ, ನನ್ನ ಗಂಡನಿಗೂ ಹೇಳಿರಲಿಲ್ಲ. ಹೇಳುತ್ತಾ ಬಾಯಿಬಿಟ್ಟು ಅತ್ತೆ. ಮಗಳಾಗಿ ಅವಳ ಬಾಯಿಗೆ ಒಂದು ಹನಿ ನೀರು ಬಿಡಲು ನನಗಾಗಲಿಲ್ಲ. ಈ ವಾಕ್ಯವನ್ನು ಈಗ ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ.

ಟೆರಿಗಲ್ ಕಡೆಯಿಂದ ಬೆಳಕು ಹರಿಯಿತು. ಆಂಟಿ ಏಳಲಿಲ್ಲ. ಧಾರವಾಡದಲ್ಲಿ ಇನ್ನೂ ಕತ್ತಲೆಯೇ ಇತ್ತು, ನಾಲ್ಕೂವರೆ ಗಂಟೆಗಳ ಅಂತರ. ಅಲ್ಲಿಯೂ ಬೆಳಗಾಗಲಿ ಎಂದರು. ಅಂಕಲ್ ಮಾಂಸ ಹಾಕದ ಕುಂಬಳಕಾಯಿಯ ಸೂಪು ಮಾಡಿ ತಂದಿಟ್ಟು ಸದ್ದಿಲ್ಲದೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮಣ್ಣು ಕೊಡುವಾಗ ಆಂಟಿ ಎದ್ದುನಿಂತು ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಹೇಳಿದರು. ಫೋನಿನ ಆ ಬದಿಯಲ್ಲಿದ್ದ ನಮ್ಮವರು ಅದು ಮುಗಿಯುವವರೆಗೆ ಸುಮ್ಮನೆ ನಿಂತಿದ್ದರು. ನಾನು ಮಾಡಬೇಕಾದ ಸೇವೆಯನ್ನು ಅವ್ವನ ಕೊನೆಯ ತಿಂಗಳುಗಳಲ್ಲಿ ನನ್ನ ಪತಿ ಮಾಡಿದ್ದರು, ಅಜ್ಜಿಯ ತೊಡೆಯ ಮೇಲೆ ನನ್ನ ಮಗಳಿದ್ದಳು. ಅವರು ಇಲ್ಲಿಗೆ ಬರಲಾಗದೆ ಅಲ್ಲಿ ಸಿಕ್ಕಿಕೊಂಡರೆಂದು ನಾನು ತಿಂಗಳುಗಟ್ಟಲೆ ಶಪಿಸಿದ ಆ ಸ್ಥಿತಿಯಿಂದಲೇ ಅವ್ವನಿಗೆ ಅಷ್ಟು ಸಿಕ್ಕಿತು. ಎಲ್ಲ ಮುಗಿದ ಮೇಲೆಯೇ ಆಂಟಿ ತಮ್ಮ ಮನೆಗೆ ಹೋದದ್ದು. ಹಿಂದಿನ ರಾತ್ರಿಯ ಆಟ ಏನಾಯಿತೆಂಬುದು ಆಗಲೂ ಅವರಿಗೆ ಗೊತ್ತಿರಲಿಲ್ಲ.

ಆಮೇಲಿನ ವಾರಗಳಲ್ಲಿ ನಾನು ನೆಟ್ಟಗೆ ನಿಂತದ್ದಕ್ಕೆ ಆಟದ ವೇಳಾಪಟ್ಟಿಯೂ ಒಂದು ಕಾರಣ. ವಾರಕ್ಕೊಂದು ಸಂಜೆ ಹೋಗಿ ಕೂರಲು ಒಂದು ಜಾಗ, ಮಾತನಾಡಲು ದುಃಖವಲ್ಲದ ಒಂದು ವಿಷಯ ಇತ್ತು. ವಾರಿಯರ್ಸ್‌ಗೆ ಆಟಗಾರರ ಕೊರತೆಯಾದಾಗ ಲೀಗ್ ನಿಯಮ ಸಡಿಲಿಸಿತು, ಎದುರಾಳಿ ಕ್ಲಬ್‌ಗಳೇ ತಮ್ಮ ಆಟಗಾರರನ್ನು ಎರವಲು ಕೊಟ್ಟವು. ಪ್ಯಾರಮಾಟಾದಿಂದ ಡೇನಿಯಲ್ ಆಲ್ವಾರೊ, ಜಾರ್ಜ್ ಜೆನ್ನಿಂಗ್ಸ್, ಪೆನ್ರಿತ್‌ನಿಂದ ಜ್ಯಾಕ್ ಹೆದರಿಂಗ್ಟನ್ ಬಂದು ಆಡಿದರು. ಅಂಕಪಟ್ಟಿಯಲ್ಲಿ ತಮ್ಮೊಡನೆ ಸೆಣಸುವ ತಂಡಕ್ಕೆ ಆಟಗಾರರನ್ನು ಕೊಡುವುದು ಸಣ್ಣ ಮಾತಲ್ಲ. ಆಗಸ್ಟ್ ಕೊನೆಯಲ್ಲಿ, ತಮಗೆ ಮೊದಲು ನೆಲೆ ಕೊಟ್ಟ ಟ್ಯಾಮ್‌ವರ್ತ್‌ಗೆ ಹೋಗಿ ವಾರಿಯರ್ಸ್ ನ್ಯೂಕ್ಯಾಸಲ್ ವಿರುದ್ಧ 36–6ರಿಂದ ಗೆದ್ದರು. ಅವ್ವನಿಗೆ ಹೇಳಬೇಕೆಂದು ಫೋನ್ ಕೈಗೆತ್ತಿಕೊಂಡದ್ದು ಆ ದಿನವೇ.

20 ಪಂದ್ಯಗಳಲ್ಲಿ ಎಂಟು ಗೆಲುವು, ಹತ್ತನೆಯ ಸ್ಥಾನ. ಪ್ಲೇಆಫ್‌ಗೆ ಹೋಗಲಿಲ್ಲ. ಅಕ್ಟೋಬರ್ 25ರ ಫೈನಲ್‌ನಲ್ಲಿ ಸತತ 17 ಪಂದ್ಯ ಗೆದ್ದು ಬಂದಿದ್ದ ಪೆನ್ರಿತ್ ತಂಡವನ್ನು ಮೆಲ್ಬರ್ನ್ ಸ್ಟಾರ್ಮ್ 26–20ರಿಂದ ಸೋಲಿಸಿತು, ಅವರು ಆ ಪ್ರಶಸ್ತಿಗೆ ಅರ್ಹರೇ. ಆದರೆ 2020ರ ಸೀಸನ್ ಪೂರ್ಣವಾಗಿ ನಡೆದದ್ದರ ಮೊದಲ ಶ್ರೇಯಸ್ಸು ಮಕ್ಕಳನ್ನು ಬಿಟ್ಟು ಬಂದು ಟೆರಿಗಲ್‌ನ ಹೋಟೆಲಿನಲ್ಲಿ ತಿಂಗಳುಗಳನ್ನು ಕಳೆದ ರೋಜರ್ ಟುಇವಾಸಾ-ಶೆಕ್ ನಾಯಕತ್ವದ ಈ ತಂಡಕ್ಕೆ ಸಲ್ಲಬೇಕು. ಕ್ಲಬ್‌ಗೆ ಒಂದು ಪತ್ರ ಬರೆದು ಕಳುಹಿಸಿದ್ದೇನೆ. ಅದರಲ್ಲಿ ಅವ್ವನ ಹೆಸರನ್ನು ಅವರ ಅಭಿಮಾನಿಯೆಂದು ಸೇರಿಸಿದ್ದೇನೆ.

ಆಂಟಿ ಕನ್ನಡ ಓದಲಾರರು. ಅವರೆದುರು ಕುಳಿತು ಇದರ ಒಂದೊಂದು ಸಾಲನ್ನೂ ತಿಳಿಸಿ ಹೇಳುವ ಕೆಲಸವನ್ನು ಮಗಳು ತಾನೇ ವಹಿಸಿಕೊಂಡಿದ್ದಾಳೆ.

ಅವ್ವ ತೀರಿದ ವರ್ಷವಾದ್ದರಿಂದ ಈ ದೀಪಾವಳಿಗೆ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ಅದರ ಮರುವಾರದ ಭಾನುವಾರ ಅವ್ವನ ಹೆಸರಿನಲ್ಲಿ ಊಟ ಇಟ್ಟುಕೊಂಡಿದ್ದೇವೆ. ಮನೆಯೊಳಗೆ ಎಷ್ಟು ಮಂದಿ ಸೇರಬಹುದೆಂಬ ನಿಯಮ ಇನ್ನೂ ಇರುವುದರಿಂದ ಸಿಡ್ನಿಯಿಂದ ಬರುವವರು ಮಧ್ಯಾಹ್ನಕ್ಕೆ, ಇಲ್ಲಿಯವರು ಸಂಜೆಗೆ ಬನ್ನಿ. ಆಂಟಿ ಮತ್ತು ಅಂಕಲ್ ಎರಡು ಹೊತ್ತೂ ನಮ್ಮೊಡನೆಯೇ ಇರುತ್ತಾರೆ.