ಗುರಿ ಬರೆಯುವ ಮೊದಲು ಗಂಟೆ ಎಣಿಸಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ದಾವಣಗೆರೆಯ ಮಂಡಿಪೇಟೆ, ಎಪಿಎಂಸಿ ದಲಾಲಿ ಅಂಗಡಿಗಳು, ಬಟ್ಟೆ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಯುವಕ ಯುವತಿಯರು ಮುಂದಿನ ವರ್ಷಕ್ಕೆ ಗುರಿ ಹಾಕಿಕೊಳ್ಳುತ್ತಾರೆ. ‘ಜಿಎಸ್‌ಟಿ ಪೂರ್ತಿ ಕಲೀಬೇಕು’, ‘ಸಂಬಳ ಜಾಸ್ತಿ ಆಗಬೇಕು’. ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದವರಿಗೆ ಈ ಆಸೆ ಇರಲೇಬೇಕು. ಆದರೆ ಇಂಥ ಗುರಿಗಳು ಸಾಮಾನ್ಯವಾಗಿ ಮಾರ್ಚ್ ದಾಟುವುದಿಲ್ಲ. ಕಲಿಯಲು ಎಷ್ಟು ಹೊತ್ತು ಸಿಗುತ್ತದೆ ಎಂದು ಮೊದಲೇ ಲೆಕ್ಕ ಹಾಕದಿರುವುದೇ ಇದಕ್ಕೆ ಮುಖ್ಯ ಕಾರಣ.

ತಿಂಗಳ 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಂಡ ಆದಾಯ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಬಿಲ್‌ಗಳ ವಿವರ), 15ಕ್ಕೆ ನೌಕರರ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ (ತಿಂಗಳ ಜಿಎಸ್‌ಟಿ ಲೆಕ್ಕ ಹಾಕಿ ತೆರಿಗೆ ಕಟ್ಟುವ ರಿಟರ್ನ್). ಅಂದರೆ 21ರಿಂದ ತಿಂಗಳ ಕೊನೆಯವರೆಗೆ, ಭಾನುವಾರ ಬಿಟ್ಟರೆ, ಸುಮಾರು 8 ದಿನ ಸಿಗುತ್ತದೆ. ದಿನಕ್ಕೊಂದು ಗಂಟೆ ಎಂದಿಟ್ಟುಕೊಳ್ಳಿ. ಮಾರ್ಚ್‌ನಲ್ಲಿ ವರ್ಷದ ಲೆಕ್ಕ, ಜುಲೈನಲ್ಲಿ ರಿಟರ್ನ್, ಸೆಪ್ಟೆಂಬರ್‌ನಲ್ಲಿ ಆಡಿಟ್, ಅಕ್ಟೋಬರ್‌ನಲ್ಲಿ ಆಡಿಟ್ ಬಾಕಿಯ ಜೊತೆಗೆ ಮೆಕ್ಕೆಜೋಳದ ಆವಕ. ಈ ನಾಲ್ಕು ತಿಂಗಳಲ್ಲಿ ಪುಸ್ತಕ ತೆರೆಯಲೂ ಆಗದು. ಉಳಿದ 8 ತಿಂಗಳಿಗೆ 64 ಗಂಟೆ. ವರ್ಷದ ಗುರಿ ಈ 64 ಗಂಟೆಯೊಳಗೆ ಹಿಡಿಯಬೇಕು.

ಮೊದಲ ಗುರಿ ಖರೀದಿ ಹೊಂದಾಣಿಕೆಯಾಗಲಿ, ಎಂದರೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿರುವ ಖರೀದಿ ಪಟ್ಟಿಯನ್ನು 2ಬಿ (ಮಾರಿದವರು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ) ಜೊತೆ ತಾಳೆ ನೋಡುವುದು. ಜನವರಿ, ಫೆಬ್ರುವರಿಯ 16 ಗಂಟೆ ಇದಕ್ಕೇ ಇಡಿ. ಎರಡನ್ನೂ ಎಕ್ಸೆಲ್‌ಗೆ ತಂದು ಜಿಎಸ್‌ಟಿ ನಂಬರ್ ಪ್ರಕಾರ ಜೋಡಿಸಿ. ತಾಳೆಯಾಗದ ಬಿಲ್‌ಗಳಲ್ಲಿ ಹೆಚ್ಚಿನವು ಸಣ್ಣ ತಪ್ಪಿನವು. ಬಿಲ್‌ನಲ್ಲಿ 0045 ಇದ್ದದ್ದು ಟ್ಯಾಲಿಯಲ್ಲಿ ಬರೀ 45 ಆಗಿರುತ್ತದೆ. ಸೂರತ್‌ನಿಂದ ಬಂದ ಬಟ್ಟೆಗೆ ಹೊರರಾಜ್ಯದ ಖರೀದಿಯ ಐಜಿಎಸ್‌ಟಿ ಹಾಕುವ ಬದಲು ರಾಜ್ಯದೊಳಗಿನ ಖರೀದಿಯಂತೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಒಡೆದಿರುತ್ತಾರೆ. ಒಟ್ಟು ಮೊತ್ತ ಸರಿಯಾಗಿಯೇ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ದೊಡ್ಡ ತೊಂದರೆ ಬೇರೆಯದು. ಮಾರಿದವರು 11ರೊಳಗೆ ಬಿಲ್ ಏರಿಸದಿದ್ದರೆ ಅದು ಆ ತಿಂಗಳ 2ಬಿಗೆ ಬರುವುದಿಲ್ಲ, ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಮೊತ್ತ) ಮುಂದಿನ ತಿಂಗಳಿಗೆ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು 13ರೊಳಗೆ ಐಎಫ್‌ಎಫ್‌ನಲ್ಲಿ (ನಡುವಿನ ತಿಂಗಳುಗಳ ಬಿಲ್ ಏರಿಸುವ ಸೌಲಭ್ಯ) ಬಿಲ್ ತೋರಿಸದಿದ್ದರೆ ತ್ರೈಮಾಸಿಕ ಮುಗಿಯುವವರೆಗೂ ಕಾಯಬೇಕಾಗಬಹುದು. 2ಬಿ ಸಿದ್ಧವಾಗುವುದು 14ಕ್ಕೆ. ಅದನ್ನು ನೋಡಿ 18ನೇ ತಾರೀಖು ಫೋನ್ ಮಾಡಿದರೆ ಆ ತಿಂಗಳಿಗೆ ಏನೂ ಉಪಯೋಗವಿಲ್ಲ. ಆದ್ದರಿಂದ ಗುರಿಯನ್ನು ಹೀಗೆ ಬರೆದುಕೊಳ್ಳಿ: ‘ಪ್ರತಿ ತಿಂಗಳು 8ರೊಳಗೆ ದೊಡ್ಡ 10 ಸರಬರಾಜುದಾರರಿಗೆ ಫೋನ್, 16ರೊಳಗೆ ತಾಳೆ ಪಟ್ಟಿ ಮಾಲೀಕರ ಮೇಜಿಗೆ.’ ಮಾಡಿದೆಯೋ ಇಲ್ಲವೋ ಎಂಬುದು ನಿಮಗೇ ಗೊತ್ತಾಗುತ್ತದೆ. ಸಂಬಳ ಏರಿಸುವುದು ಮಾಲೀಕರ ಕೈಯಲ್ಲಿದೆ, ಅದನ್ನು ಗುರಿಯ ಸಾಲಿನಲ್ಲಿ ಬರೆಯಬೇಡಿ. ಆದರೆ ಸಂಬಳ ಕೇಳಲು ಹೋಗುವಾಗ ಆರು ತಿಂಗಳ ತಾಳೆ ಪಟ್ಟಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಏಪ್ರಿಲ್‌ನಿಂದ ಜೂನ್‌ವರೆಗಿನ 24 ಗಂಟೆಯಲ್ಲಿ 3ಬಿಯನ್ನು ಸ್ವತಃ ಸಿದ್ಧಪಡಿಸುವುದು ಕಲಿಯಿರಿ. ಐಜಿಎಸ್‌ಟಿ ಕ್ರೆಡಿಟ್ ಪೂರ್ತಿ ತೀರಿಸಿದ ಮೇಲೆಯೇ ಉಳಿದ ಕ್ರೆಡಿಟ್ ಮುಟ್ಟಬೇಕೆಂಬ ನಿಯಮದಲ್ಲೇ ಹೊಸಬರು ಎಡವುತ್ತಾರೆ. ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ನಗದಿನಲ್ಲಿ ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ಆಗಸ್ಟ್‌ನಲ್ಲಿ ಟಿಡಿಎಸ್, ನವೆಂಬರ್, ಡಿಸೆಂಬರ್‌ನಲ್ಲಿ ದಾಸ್ತಾನು ಮತ್ತು ವರ್ಷಾಂತ್ಯದ ಲೆಕ್ಕ.

ಜೂನ್ ಕೊನೆಗೆ ಹಿಂದೆ ಬಿದ್ದಿದ್ದರೆ ಟಿಡಿಎಸ್ ಕಲಿಯುವುದನ್ನು ಮುಂದಿನ ವರ್ಷಕ್ಕೆ ಬಿಡಿ, ಹೊಂದಾಣಿಕೆ ಮಾತ್ರ ಬಿಡಬೇಡಿ. ಎಲ್ಲವನ್ನೂ ದೂಡುತ್ತಾ ಹೋದವರು ಡಿಸೆಂಬರ್‌ನಲ್ಲಿ ಒಂದನ್ನೂ ಮುಗಿಸಿರುವುದಿಲ್ಲ.

ಮಾಲೀಕರಲ್ಲಿ ಒಂದು ಕಳಕಳಿಯ ವಿನಂತಿ. 21ರ ನಂತರ ಸಂಜೆ ಒಂದು ಗಂಟೆ ಇವರನ್ನು ಕೆಲಸದಿಂದ ಬಿಡಿ, 3ಬಿಯನ್ನು ನಿಮ್ಮೆದುರಿಗೇ ಅವರ ಕೈಯಲ್ಲೇ ಮಾಡಿಸಿ. ಓಟಿಪಿ ಮೂಲಕ ಸಲ್ಲಿಸುವ ವ್ಯಾಪಾರಿಗಳಿಗೆ ಅದು ನಿಮ್ಮ ಮೊಬೈಲ್‌ಗೇ ಬರುವುದರಿಂದ, ನೀವು ಒಪ್ಪದೆ ರಿಟರ್ನ್ ಹೋಗುವುದಿಲ್ಲ.

ಇಂತಿ,
ತೆರಿಗೆ ಸಲಹೆಗಾರರು, ದಾವಣಗೆರೆ