ಗರ್ಭಿಣಿಯರನ್ನೇ ಯಾಕೆ ದೂರುತ್ತೀರಿ?

ಮಾನ್ಯ ಸಂಪಾದಕರೇ,

ಗರ್ಭಿಣಿಯರು ಎಚ್‌ಐವಿ ಪರೀಕ್ಷೆಗೆ ಮುಂದೆ ಬರುತ್ತಿಲ್ಲ, ಅವರಿಗೆ ತಿಳಿವಳಿಕೆ ಸಾಲದು ಎಂದು ನಮ್ಮ ಆರೋಗ್ಯಾಧಿಕಾರಿಗಳು ಹೇಳಿದ್ದನ್ನು ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದರ ಮರುದಿನ ಬೆಳಿಗ್ಗೆಯೇ ನನ್ನ ತಂಗಿಯನ್ನು ಕರೆದುಕೊಂಡು ಅವರದೇ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿ ಕಂಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ತಂಗಿಗೆ ಈಗ ಮೂರು ತಿಂಗಳು. ಪರೀಕ್ಷೆ ಮಾಡಿಸಬೇಕು ಅಂತ ಹೇಳಿದವಳು ಅವಳೇ. ಚೀಟಿ ಮಾಡಿಸಲು ಒಂದು ಸಾಲು, ಡಾಕ್ಟರನ್ನು ನೋಡಲು ಇನ್ನೊಂದು, ರಕ್ತ ಕೊಡಲು ಮತ್ತೊಂದು. ಕೂರಲು ಬೆಂಚು ಸಾಲದು. ಫ್ಯಾನ್ ತಿರುಗುವುದಿಲ್ಲ. ಶೌಚಾಲಯಕ್ಕೆ ಬೀಗ. ವಾಂತಿ ಬಂದರೆ ಬಸುರಿ ಹೆಂಗಸು ಕಾಂಪೌಂಡ್ ಪಕ್ಕಕ್ಕೆ ಓಡಬೇಕು. ವಾಪಸ್ ಬರುವಷ್ಟರಲ್ಲಿ ಸಾಲಿನಲ್ಲಿ ಅವಳ ಜಾಗ ಹೋಗಿರುತ್ತದೆ. ಇದನ್ನೆಲ್ಲ ಸಹಿಸಿಕೊಂಡೆವು. ಆಮೇಲೆ ಲ್ಯಾಬ್ ಬಾಗಿಲಲ್ಲಿ ನಿಂತ ಸಿಬ್ಬಂದಿಯೊಬ್ಬರು ಇಡೀ ವರಾಂಡಕ್ಕೆ ಕೇಳುವಂತೆ ಕೂಗಿದರು: “ಎಚ್‌ಐವಿ ಟೆಸ್ಟ್‌ನೋರು ಯಾರ್ರೀ, ಈ ಕಡೆ ಬನ್ನಿ!”

ಅಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ನಮ್ಮ ಹಿಂದೆ ನಿಂತಿದ್ದ ಹುಡುಗಿ ಅತ್ತೆಯ ಜೊತೆ ಬಂದಿದ್ದಳು. ಅತ್ತೆ ಅವಳ ಕೈ ಹಿಡಿದು ಸೀದಾ ಗೇಟಿನ ಕಡೆ ನಡೆದರು. ಅಧಿಕಾರಿಗಳೇ, ಆ ಹುಡುಗಿಯನ್ನು ಈಗ ನಿಮ್ಮ ರಿಜಿಸ್ಟರ್‌ನಲ್ಲಿ ಏನಂತ ಬರೆದುಕೊಂಡಿದ್ದೀರಿ? ಪರೀಕ್ಷೆಗೆ ಒಪ್ಪಲಿಲ್ಲ ಅಂತ ತಾನೇ? ಅವಳು ಒಪ್ಪಿಯೇ ಸಾಲಿನಲ್ಲಿ ನಿಂತಿದ್ದಳು. ಓಡಿಸಿದವರು ನೀವು.

ನಾವು ಒಳಗೆ ಹೋದೆವು. ಆಪ್ತ ಸಮಾಲೋಚಕರ ಕುರ್ಚಿ ಖಾಲಿ. ಮೀಟಿಂಗ್‌ಗೆ ಹೋಗಿದ್ದಾರೆ ಎಂದರು. ಈ ಪರೀಕ್ಷೆ ಯಾಕೆ, ಪಾಸಿಟಿವ್ ಬಂದರೆ ಮುಂದೇನು ಎಂದು ತಂಗಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಒಂದು ಫಾರಂ ಮುಂದೆ ತಳ್ಳಿ ಸೈನ್ ಹಾಕಿ ಎಂದರು. ಅಷ್ಟರಲ್ಲಿ ಇನ್ನೊಬ್ಬರು “ಗಂಡ ಬಂದಿಲ್ವಾ? ಮನೇಲಿ ಕೇಳ್ಕೊಂಡು ಬರಬೇಕಿತ್ತು” ಎಂದರು. ಕೊನೆಗೆ ಗೊತ್ತಾಗಿದ್ದು ಏನೆಂದರೆ ಕಿಟ್ ಖಾಲಿ. ಸೋಮವಾರ ಬನ್ನಿ! ಈ ಮಾತನ್ನು ಬೆಳಿಗ್ಗೆಯೇ ಹೇಳಿದ್ದರೆ ತಂಗಿಯ ಒಂದು ದಿನದ ಕೂಲಿ ಉಳಿಯುತ್ತಿತ್ತು. ಮಧ್ಯಾಹ್ನದ ಬಸ್ಸೂ ತಪ್ಪಿತು, ಸಂಜೆಯವರೆಗೆ ಹಸಿದುಕೊಂಡು ಸ್ಟ್ಯಾಂಡಿನಲ್ಲಿ ಕೂತೆವು.

ಸೋಮವಾರ ಮತ್ತೆ ಹೋದೆವು. ಪರೀಕ್ಷೆಗೆ ಹಿಡಿದಿದ್ದು ಅರ್ಧ ಗಂಟೆಯೂ ಅಲ್ಲ. ಆದರೆ ರಿಪೋರ್ಟ್‌ಗಳನ್ನೆಲ್ಲ ಕಿಟಕಿಯ ಹತ್ತಿರ ರಾಶಿ ಹಾಕಿದ್ದರು. ಬಂದವರು ಒಂದೊಂದೇ ತಿರುವಿ ತಮ್ಮದನ್ನು ಹುಡುಕಿಕೊಳ್ಳುತ್ತಿದ್ದರು. ಯಾರದ್ದನ್ನು ಯಾರು ಬೇಕಾದರೂ ಓದಬಹುದಿತ್ತು. ತಂಗಿಯ ರಿಪೋರ್ಟ್‌ನಲ್ಲಿ ಏನಿತ್ತು ಅಂತ ನಾನು ಬರೆಯುವುದಿಲ್ಲ. ಅದು ಅವಳ ವಿಷಯ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ದೇಶದಲ್ಲಿ ಜಾರಿಯಲ್ಲಿದೆ. ವಿಷಯ ತಿಳಿಸಿ, ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು ಎಂದು ಅದರಲ್ಲಿದೆ. ಒಪ್ಪಿಗೆ ಆ ಹೆಂಗಸಿನದು. ಗಂಡನದ್ದಲ್ಲ, ಅತ್ತೆಯದ್ದೂ ಅಲ್ಲ. ಒಬ್ಬರಿಗೆ ಎಚ್‌ಐವಿ ಇದೆ ಎಂಬುದನ್ನು ಹೊರಗೆ ಬಿಡಬಾರದು ಎಂದೂ ಇದೆ. ದೂರು ಕೇಳಲು ಪ್ರತಿ ರಾಜ್ಯದಲ್ಲೂ ಒಂಬುಡ್ಸ್‌ಮನ್ ಇರಬೇಕು. ಅವರ ಬಗ್ಗೆ ಆಸ್ಪತ್ರೆಯ ಯಾವ ಗೋಡೆಯ ಮೇಲೂ ಒಂದು ಸಾಲು ಕಾಣಲಿಲ್ಲ. 1097 ಉಚಿತ ಸಹಾಯವಾಣಿ ಇದೆ. ಅದರ ಬೋರ್ಡ್ ಬೀರುವಿನ ಹಿಂದೆ ಒರಗಿಸಿಟ್ಟಿದ್ದಾರೆ.

ನನಗೆ ಇಷ್ಟು ಸಿಟ್ಟು ಬರಲು ಕಾರಣ ಇದೆ. ಈ ಪರೀಕ್ಷೆ ಮಗುವಿನ ಜೀವದ ಪ್ರಶ್ನೆ. ಸೋಂಕಿರುವ ತಾಯಿಗೆ ಚಿಕಿತ್ಸೆಯೇ ಸಿಗದಿದ್ದರೆ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಬಸುರಿನಲ್ಲಿ, ಹೆರಿಗೆಯ ಹೊತ್ತಿನಲ್ಲಿ ಅಥವಾ ಎದೆಹಾಲಿನಿಂದ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ನಮ್ಮ ದೇಶದಲ್ಲಿ 2014ರಿಂದ ಸೋಂಕಿರುವ ಪ್ರತಿ ಗರ್ಭಿಣಿಗೂ ಜೀವನಪೂರ್ತಿ ಎಆರ್‌ಟಿ, ಅಂದರೆ ಎಚ್‌ಐವಿ ವೈರಸ್ ಹತ್ತಿಕ್ಕುವ ಮಾತ್ರೆ ಉಚಿತ. ಹುಟ್ಟಿದ ಮಗುವಿಗೂ ಔಷಧಿ ಕೊಡುತ್ತಾರೆ, ಆರನೇ ವಾರಕ್ಕೆ ರಕ್ತ ಪರೀಕ್ಷೆ ಮಾಡುತ್ತಾರೆ. ಆದರೆ ಮಾತ್ರೆ ಕೆಲಸ ಮಾಡಲು ಸಮಯ ಬೇಕು. ತಾಯಿಯ ರಕ್ತದಲ್ಲಿ ವೈರಸ್ ಕಡಿಮೆಯಾಗಲು ವಾರಗಳು ಹಿಡಿಯುತ್ತವೆ. ಮೂರನೇ ತಿಂಗಳಲ್ಲಿ ಓಡಿಸಿದವಳನ್ನು ಹೆರಿಗೆ ನೋವಿನಲ್ಲಿ ಬಂದಾಗ ಪರೀಕ್ಷೆ ಮಾಡಿದರೆ ಆ ವಾರಗಳನ್ನು ಎಲ್ಲಿಂದ ತರುತ್ತೀರಿ?

ಹೆಂಗಸರು ಹಿಂಜರಿಯುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಹಿಂಜರಿಯುತ್ತಾರೆ. ಆದರೆ ಅದು ದಡ್ಡತನದಿಂದ ಅಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಈ ಪರೀಕ್ಷೆ ಆಗುವುದು ಬಸುರಿಗೆ. ಸೋಂಕು ಗಂಡನಿಂದಲೇ ಬಂದಿರಲಿ, ಮೊದಲು ಕಾಣಿಸುವುದು ಅವಳ ರಿಪೋರ್ಟ್‌ನಲ್ಲಿ. ಇವಳೇ ತಂದಳು ಅನ್ನುತ್ತಾರೆ. ಮನೆಯಿಂದ ಹೊರಗೆ ಹಾಕಿದರೆ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಅವಳು ಎಲ್ಲಿಗೆ ಹೋಗಬೇಕು? ಅದಕ್ಕೇ ಸಮಾಲೋಚಕರು ಅಲ್ಲಿರಬೇಕು. ಅವಳಿಗೆ ಇಷ್ಟವಿದ್ದರೆ ಗಂಡನನ್ನೂ ಕರೆಸಿ ಇಬ್ಬರಿಗೂ ಒಟ್ಟಿಗೆ ಪರೀಕ್ಷೆ ಮಾಡಬೇಕು. ಇದರಲ್ಲಿ ಅಪ್ಪಣೆಯ ಮಾತೇ ಇಲ್ಲ, ಅವಳ ತಲೆಯ ಮೇಲಿನ ಭಾರ ಹಂಚಿಕೊಳ್ಳುವ ಕೆಲಸ ಅಷ್ಟೇ. ಇನ್ನು ಮೊದಲ ಹೆರಿಗೆಗೆ ತವರಿಗೆ ಹೋಗುವವರ ಕಥೆ ಬೇರೆ. ತಾಯಿ ಕಾರ್ಡ್‌ನಲ್ಲಿ ಅರ್ಧ ಬರೆದಿರುತ್ತಾರೆ, ಅರ್ಧ ಬಿಟ್ಟಿರುತ್ತಾರೆ. ಅಲ್ಲಿಯವರು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಪಾಪ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಒಪ್ಪಿಸಿ ಕಳಿಸುತ್ತಾರೆ. ಅವರು ವಾರಗಟ್ಟಲೆ ಮಾಡಿದ ಕೆಲಸವನ್ನು ಆ ಒಂದು ಕೂಗು ಹಾಳು ಮಾಡುತ್ತದೆ. ನಾಳೆ ಅವರು ಯಾವ ಮುಖ ಇಟ್ಟುಕೊಂಡು ಅದೇ ಬೀದಿಗೆ ಹೋಗಬೇಕು?

ಅಧಿಕಾರಿಗಳಿಗೆ ಇದೆಲ್ಲ ಗೊತ್ತಿಲ್ಲದೇ ಏನೂ ಇಲ್ಲ. ಡಿಸೆಂಬರ್ 1 ಬಂದರೆ ಶಾಲೆ ಮಕ್ಕಳನ್ನು ಬಿಸಿಲಿನಲ್ಲಿ ನಡೆಸಿ ಏಡ್ಸ್ ಜಾಥಾ ಮಾಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಜಾಥಾಕ್ಕೆ ಇಡೀ ಸಿಬ್ಬಂದಿ ಇರುತ್ತದೆ, ಲ್ಯಾಬಿಗೆ ಮಾತ್ರ ಇರುವುದಿಲ್ಲ. ಇದೇ ಆಸ್ಪತ್ರೆಯಲ್ಲಿ ಟೇಪು ಕತ್ತರಿಸಿ ಉದ್ಘಾಟನೆ ಮಾಡಿದ ಕುಡಿಯುವ ನೀರಿನ ಯಂತ್ರದಿಂದ ಇವತ್ತಿಗೂ ಒಂದು ಲೋಟ ನೀರು ಬಂದಿಲ್ಲ. ನನ್ನ ಮಗನ ಜನನ ಪ್ರಮಾಣಪತ್ರದಲ್ಲಿ ಅವನ ಅಪ್ಪನ ಹೆಸರನ್ನೇ ತಪ್ಪು ಬರೆದು ನಮ್ಮನ್ನು ವರ್ಷವಿಡೀ ಅಲೆಸಿದರು. ತಪ್ಪು ಅವರದು, ಅಫಿಡವಿಟ್ ಮಾತ್ರ ನಮ್ಮದು. ಆಂಬ್ಯುಲೆನ್ಸ್ ಬಗ್ಗೆ ಹಿಂದೆ ಕೊಟ್ಟ ಅರ್ಜಿಗೆ ಉತ್ತರವೇ ಇಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ ಅನ್ನುತ್ತಾರೆ. ಯಾವ ಫೀಲ್ಡ್ ಸ್ವಾಮಿ? ನಾವಿರುವ ಕಡೆ ಅವರನ್ನು ಯಾರೂ ನೋಡಿಲ್ಲ.

ಮೊದಲು ಕಿಟ್ ತರಿಸಿ, ಸಮಾಲೋಚಕರನ್ನು ಅವರ ಕುರ್ಚಿಯಲ್ಲಿ ಕೂರಿಸಿ. ಹೆಂಗಸರನ್ನು ಹೆಸರು ಹಿಡಿದು ಮೆಲ್ಲಗೆ ಕರೆಯಿರಿ. ರಿಪೋರ್ಟನ್ನು ಅವಳ ಕೈಗೇ ಕೊಡಿ. ಇದಕ್ಕೆ ಹಣವೂ ಬೇಡ, ಮೇಲಿನಿಂದ ಆದೇಶವೂ ಬೇಡ. ಜೊತೆಗೆ ತಿಳಿವಳಿಕೆ ಇಲ್ಲ ಎಂದು ನಮ್ಮನ್ನು ಹಳಿದದ್ದಕ್ಕೆ ಆ ಅಧಿಕಾರಿಗಳು ಕ್ಷಮೆ ಕೇಳಬೇಕು. ಮೇಲಿನವರಾದರೂ ಹೇಳದೇ ಕೇಳದೇ ಒಂದು ಬೆಳಿಗ್ಗೆ ಬಂದು ನೋಡಲಿ. ಯಾರನ್ನು ಬದಲಾಯಿಸಬೇಕೋ ಬದಲಾಯಿಸಲಿ, ಏನು ರಿಪೇರಿ ಮಾಡಬೇಕೋ ಮಾಡಲಿ. ಸಂಬಳ ತೆಗೆದುಕೊಳ್ಳುವವರಿಗೆ ಇಷ್ಟನ್ನೂ ನಾವೇ ಹೇಳಿಕೊಡಬೇಕಾ?

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು